ಹಸಿರು ಗೋಡೆ, ಹಳದಿ ದೀಪ ಮತ್ತು ನನ್ನ ಮಗಳ ಕಾಮಾಲೆ

ಬಳ್ಳಾರಿಯಲ್ಲಿ ದೀಪದ ಬಗ್ಗೆ ನನಗೆ ತಿಳಿದಷ್ಟು ಇನ್ನೊಬ್ಬರಿಗೆ ತಿಳಿದಿಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ನಂಬಲು ಕಾರಣವೂ ಇತ್ತು. ಕೋಟೆ ಗುಡ್ಡದ ಕೆಳಗೆ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ಬಲ್ಬು, ಟ್ಯೂಬ್‌ಲೈಟು, ವೈರು, ಸ್ವಿಚ್ಚು, ಬೇಸಿಗೆ ಬಂದರೆ ಫ್ಯಾನು, ಇವಿಷ್ಟನ್ನು ಮಾರುತ್ತೇನೆ. ಬಲ್ಬು ಮಾರುವವನಿಗೆ ಬೆಳಕಿನ ಮರ್ಮ ತಿಳಿದೇ ಇರುತ್ತದೆ ಎಂಬುದು ನನ್ನ ತರ್ಕ. ಥರ್ಮಾಮೀಟರ್ ಮಾರುವವನು ಡಾಕ್ಟರಾಗುವುದಿಲ್ಲ ಎಂಬ ಸಣ್ಣ ವಿಚಾರ ಆಗ ನನಗೆ ಹೊಳೆದಿರಲಿಲ್ಲ.

ಖಾದರ್ ಸಾಹೇಬರು ನನ್ನ ಗೆಳೆಯರು. ಜೀನ್ಸ್ ಪ್ಯಾಂಟು ಹೊಲಿಸುವ ಕಾರ್ಖಾನೆ ಇಟ್ಟುಕೊಂಡವರು. ಅವರ ಅಜ್ಜ ಮದ್ರಾಸ್ ಸರ್ಕಾರದ ಕಾಲದಲ್ಲಿ ಊರೊಳಗೆ ಒಂದು ಕಲ್ಲಿನ ಹೋಟೆಲು ಕಟ್ಟಿಸಿದ್ದರು. ಹತ್ತಿ ವ್ಯಾಪಾರಕ್ಕೆ ಬಂದವರು ಅಲ್ಲೇ ಇಳಿದುಕೊಳ್ಳುತ್ತಿದ್ದರಂತೆ. ಮೊಳ ಮೀರಿದ ದಪ್ಪದ ಗೋಡೆ, ತೇಗದ ತೊಲೆ, ಎತ್ತರದ ಕಿಟಕಿ, ಹಣತೆ ಇಡಲು ಗೋಡೆಯಲ್ಲೇ ಬಿಟ್ಟ ಗೂಡುಗಳು. ಆಮೇಲೆ ಅದು ಮುಚ್ಚಿಹೋಗಿ ಪಾರಿವಾಳಗಳ ವಶವಾಗಿತ್ತು. ಸಾಹೇಬರಿಗೆ ಅಜ್ಜನ ಹೋಟೆಲನ್ನು ಮತ್ತೆ ತೆರೆಯಬೇಕೆಂಬ ಹಂಬಲ ಹತ್ತಿತು. ತೊಲೆ ರಿಪೇರಿಯಾಯಿತು, ಕಲ್ಲು ಉಜ್ಜಿ ತೊಳೆದದ್ದಾಯಿತು, ನೆಲಕ್ಕೆ ಹೊಸ ಹಾಸುಗಲ್ಲು ಬಿತ್ತು. ಉಳಿದದ್ದು ಒಳಗಿನ ಅಲಂಕಾರ ಮತ್ತು ದೀಪ. ಅದಕ್ಕೆ ಹೈದರಾಬಾದಿನಿಂದ ಒಬ್ಬರನ್ನು ಕರೆಸಬೇಕೆಂದಿದ್ದೇನೆ ಎಂದು ಅವರು ಒಂದು ದಿನ ನನ್ನ ಅಂಗಡಿಯಲ್ಲೇ ಕೂತು, ನನ್ನ ಚಹವನ್ನೇ ಕುಡಿಯುತ್ತ ಹೇಳಿದರು.

ನನಗೆ ಬಹಳ ನೋವಾಯಿತು.

“ಸಾಹೇಬ್ರ, ನಾನು ಇಲ್ಲಿ ಕುಂತಿರೂಮುಂದ ಹೈದರಾಬಾದು ಯಾಕ ಬೇಕ್ರಿ?” ಎಂದೆ.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಒಳ್ಳೆಯ ಮನುಷ್ಯರು. ಗೆಳೆಯನ ಮನಸ್ಸು ನೋಯಿಸುವುದಕ್ಕಿಂತ ಹೋಟೆಲು ಕೆಟ್ಟರೂ ಚಿಂತೆಯಿಲ್ಲ ಎಂದುಕೊಂಡರೋ ಏನೋ, ಒಪ್ಪಿಬಿಟ್ಟರು.

ಅಂದಿನಿಂದ ನಾನು ಫೋನಿನಲ್ಲಿ ವಿಡಿಯೊ ನೋಡತೊಡಗಿದೆ. ಹಳೆಯ ಅರಮನೆಗಳನ್ನು ಹೋಟೆಲು ಮಾಡಿದವರು ಏನೇನು ಮಾಡಿದ್ದಾರೆ ಎಂಬುದನ್ನೆಲ್ಲ ನೋಡಿದೆ. ನೋಡಿ ನೋಡಿ ಒಂದು ಸಿದ್ಧಾಂತಕ್ಕೆ ಬಂದೆ. ದೀಪ ಕಾಣಬಾರದು, ಬೆಳಕು ಮಾತ್ರ ಕಾಣಬೇಕು. ಆ ಪ್ರಕಾರ ಹೋಟೆಲಿನ ದೊಡ್ಡ ಹಾಲಿನಲ್ಲಿ ಒಂದೇ ಒಂದು ಬಲ್ಬು ಕಣ್ಣಿಗೆ ಬೀಳದಂತೆ ಎಲ್ಲವನ್ನೂ ಬಚ್ಚಿಟ್ಟೆ. ತೊಲೆಯ ಹಿಂದೆ, ಗೂಡಿನ ಒಳಗೆ, ಕುರ್ಚಿಗಳ ಬೆನ್ನಿಗೆ, ಎಲ್ಲ ಕಡೆ ಹಳದಿ ದೀಪ. ಎಲ್ಲದರ ಮುಖವೂ ಗೋಡೆಯ ಕಡೆಗೆ. ಬೆಳಕು ಗೋಡೆಗೆ ಬಡಿದು, ಅಲ್ಲಿಂದ ಮೆಲ್ಲಗೆ ಮನುಷ್ಯರ ಮೇಲೆ ಇಳಿಯಬೇಕು ಎಂಬುದು ಏರ್ಪಾಡು. ಆ ಗೋಡೆಗೆ ಯಾವ ಬಣ್ಣ ಎಂಬುದನ್ನೂ ನಾನೇ ನಿರ್ಧರಿಸಿದೆ. ಕಡು ಹಸಿರು. ಬಣ್ಣ ಹೊಡೆಯುವವರು ಇದೇನಾ, ಖರೆ ಇದೇನಾ ಎಂದು ಮತ್ತೆ ಮತ್ತೆ ಕೇಳಿದರು. ರಾಜಮಹಾರಾಜರ ಬಣ್ಣ ಇವರಿಗೇನು ತಿಳಿಯಬೇಕು ಎಂದು ನಾನು ನಕ್ಕೆ. ಬಿಸಿಲು ಒಳಗೆ ಬಂದು ನನ್ನ ಬೆಳಕಿನ ಕೆಲಸದಲ್ಲಿ ಬಾಯಿ ಹಾಕಬಾರದೆಂದು ಕಿಟಕಿಗಳಿಗೆ ದಪ್ಪನೆಯ ಪರದೆ ಹಾಕಿಸಿದೆ.

ಇವೆಲ್ಲಕ್ಕೆ ಕಳಶವಿಟ್ಟಂತೆ ಸೆನ್ಸರ್ ಇಡಿಸಿದೆ. ಹಾಲಿನಲ್ಲಿ ಮನುಷ್ಯರಿದ್ದರೆ ದೀಪ ತಾನೇ ಉರಿಯುತ್ತದೆ, ಇಲ್ಲದಿದ್ದರೆ ತಾನೇ ಆರುತ್ತದೆ. ಕೈಕಾಲು ಆಡಿಸುವವರನ್ನು ಮಾತ್ರ ಅದು ಮನುಷ್ಯರೆಂದು ಪರಿಗಣಿಸುತ್ತದೆ ಎಂಬುದು ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿತ್ತು. ಸಣ್ಣ ಅಕ್ಷರ ಓದುವ ಅಭ್ಯಾಸ ನನಗಿಲ್ಲ.

ಕೆಲಸ ಮುಗಿದ ಮೇಲೆ ಹೆಂಡತಿ ಗಂಗಾಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಬಾಗಿಲಲ್ಲೇ ನಿಂತು ಒಳಗೆ ಇಣುಕಿದಳು. ಅವಳ ತವರು ಕುರುಗೋಡಿನಲ್ಲಿ ಹಿಂದೆ ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ಹಗೇವಿನಾಗ ಇಳಿದಂಗ ಆಗ್ತೈತ್ರಿ ಎಂದಳು. ಹೆಂಗಸರಿಗೆ ಕಲೆ ಅರ್ಥವಾಗುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಹೇಳುವಷ್ಟು ಧೈರ್ಯ ಕಲಾವಿದನಾದ ಮೇಲೂ ಬಂದಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಖಾದರ್ ಸಾಹೇಬರ ಗಿರಾಕಿಗಳು ಒಂದಿಷ್ಟು ಬೈದುಕೊಳ್ಳುತ್ತಿದ್ದರು, ಕತೆ ಮುಗಿಯುತ್ತಿತ್ತು. ಆದರೆ ಅದೇ ಹೊತ್ತಿಗೆ ನನ್ನ ಮಗಳು ಶೈಲಾಳನ್ನು ನೋಡಲು ಸಿರುಗುಪ್ಪದಿಂದ ಗಂಡಿನವರು ಬರುತ್ತೇವೆಂದು ಹೇಳಿ ಕಳಿಸಿದರು. ಶೈಲಾ ಇಲ್ಲೇ ಒಂದು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದಾಳೆ. ಹುಡುಗ ಮಹಾಂತೇಶ ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ತಂದೆ ಶರಣಪ್ಪನವರು ಭತ್ತದ ವ್ಯಾಪಾರಿಗಳು. ಒಳ್ಳೆಯ ಮನೆತನ. ಫೋಟೊ ನೋಡಿ ಇಬ್ಬರೂ ಒಪ್ಪಿದ್ದರು. ಶೈಲಾಗೆ ಮೊದಲ ಬಾರಿ ಒಂದು ಸಂಬಂಧ ನಿಜವಾಗಿ ಹಿಡಿಸಿದೆ ಎಂದು ಗಂಗಾ ನನಗೆ ಗುಟ್ಟಾಗಿ ಹೇಳಿದ್ದಳು.

ಮನೆಯಲ್ಲೇ ನೋಡುವ ಶಾಸ್ತ್ರ ಆಗಲಿ ಎಂದಳು ಗಂಗಾ. ನಮ್ಮ ಓಣಿಯಲ್ಲಿ ಚರಂಡಿಗೆ ನೆಲ ಅಗೆದಿದ್ದಾರೆ, ಬೀಗರಾಗುವವರು ಹಲಗೆ ದಾಟಿಕೊಂಡು ಬರಬೇಕೇನು, ಸಾಹೇಬರ ಹೋಟೆಲಿನ ಹಾಲು ಸಿದ್ಧವಾಗಿದೆಯಲ್ಲ ಎಂದೆ. ಚರಂಡಿ ಒಂದು ನೆಪ. ಭತ್ತದ ವ್ಯಾಪಾರಿಗಳು ನನ್ನ ಬೆಳಕನ್ನು ನೋಡಬೇಕಿತ್ತು. ಸಾಹೇಬರೂ ಸಂತೋಷದಿಂದ ಬೀಗದ ಕೈ ಕೊಟ್ಟರು. ಹೋಟೆಲಿನ ಅಡುಗೆಮನೆ ಇನ್ನೂ ಶುರುವಾಗಿರಲಿಲ್ಲ. ಗಂಗಾ ಮನೆಯಲ್ಲೇ ಮಂಡಕ್ಕಿ ಒಗ್ಗರಿಸಿ ಉಗ್ಗಾಣಿ, ಜೊತೆಗೆ ಮಿರ್ಚಿ ಮಾಡಿ ಡಬ್ಬಿ ತುಂಬಿದಳು.

ಅವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದರು. ಶರಣಪ್ಪನವರು, ಅವರ ಹೆಂಡತಿ ನೀಲಮ್ಮ, ಮಹಾಂತೇಶ. ನಾನು ಅವರನ್ನು ಬಾಗಿಲ ಹತ್ತಿರದ ಕುರ್ಚಿಗಳಲ್ಲಿ ಕೂಡಿಸಿದೆ. ಅಲ್ಲಿಂದ ಇಡೀ ಹಾಲು ಕಣ್ಣಿಗೆ ತುಂಬುತ್ತದೆ. ಅಲ್ಲಿಗೆ ಬೀದಿ ದೀಪದ ಬಿಳಿ ಬೆಳಕೂ ಒಂದಿಷ್ಟು ಬೀಳುತ್ತಿತ್ತು. ಶೈಲಾಳಿಗೆ ಮಾತ್ರ ನಾನೇ ಆರಿಸಿದ ಮುಖ್ಯ ಸ್ಥಾನ. ದೊಡ್ಡ ಹಸಿರು ಗೋಡೆಯ ಕೆಳಗೆ, ಎರಡು ಗೂಡುಗಳ ನಡುವೆ, ನನ್ನ ಬೆಳಕೆಲ್ಲ ಬಂದು ಸೇರುವ ಜಾಗ.

ಶೈಲಾ ಬಂದು ಕೂತಳು. ಅದಕ್ಕೆ ಮೊದಲೇ ನಾನು ಭಾಷಣ ಮುಗಿಸಿದ್ದೆ. ಇಲ್ಲಿನ ಬೆಳಕೆಲ್ಲ ನನ್ನದೇ ಯೋಜನೆ, ಗೋಡೆಯ ಬಣ್ಣವೂ ನನ್ನದೇ, ಇಂಥದ್ದು ಈ ಜಿಲ್ಲೆಯಲ್ಲೇ ಇನ್ನೊಂದಿಲ್ಲ ಎಂದು ಹೇಳಿದ್ದೆ. ಶರಣಪ್ಪನವರು ಮರ್ಯಾದೆಗೆ ತಲೆಯಾಡಿಸಿದ್ದರು. ನೀಲಮ್ಮನವರು ತಲೆಯಾಡಿಸಲಿಲ್ಲ. ಅವರು ಶೈಲಾಳನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ಮುಖದಲ್ಲಿದ್ದ ನಗು ಇಳಿಯಿತು. ಸ್ವಲ್ಪ ಈ ಕಡೆ ತಿರುಗವ್ವ ಎಂದರು. ಶೈಲಾ ತಿರುಗಿದಳು. ಆಮೇಲೆ ಅವರು ಗಂಗಾಳ ಕಡೆ ಬಾಗಿ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಕೇಳಿದರು.

“ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ಹುಡುಗಿಗೆ ಕಾಮಾಲಿ ಏನಾರ ಆಗೈತೇನ್ರಿ?”

ನಾನು ಆಗ ಮಗಳನ್ನು ನೋಡಿದೆ. ಸುಳ್ಳು ಹೇಳಬಾರದು, ಅವಳು ಅರಿಶಿನದಲ್ಲಿ ಅದ್ದಿ, ಆಮೇಲೆ ಬೇವಿನ ರಸದಲ್ಲಿ ತೊಳೆದಂತೆ ಕಾಣುತ್ತಿದ್ದಳು. ಕಣ್ಣಿನ ಬಿಳಿಯೂ ಹಳದಿ. ಗಂಗಾ ಜಾಣೆ. ಇಲ್ಲರಿ, ಹುಡುಗಿ ಆರಾಮ ಅದಾಳ, ಈ ಲೈಟಿಗೆ ಹಂಗ ಕಾಣಸ್ತೈತಿ ಎಂದಳು. ಅಲ್ಲಿಗೆ ಎಲ್ಲ ಸರಿಹೋಗಬಹುದಿತ್ತು. ಎಲ್ಲರೂ ನಕ್ಕು ಅಂಗಳಕ್ಕೆ ಹೋಗಿ ಕೂತು ಮಿರ್ಚಿ ತಿನ್ನಬಹುದಿತ್ತು. ಶೈಲಾ ನನ್ನ ಕಡೆ ನೋಡಿದಳು. ನೀವೂ ಒಂದು ಮಾತು ಹೇಳಿರಿ ಎಂಬ ನೋಟ ಅದು.

ಮಾತು ನನ್ನ ಬಾಯಿಂದ ತಾನಾಗಿ ಹೊರಟಿತು.

“ಲೈಟಿನಾಗ ಏನೂ ದೋಷ ಇಲ್ಲರಿ. ಇದ್ದದ್ದು ಇದ್ದಂಗ ತೋರಸ್ತೈತಿ ಈ ಲೈಟು.”

ಹೀಗೆ ನಾನು, ಹೆತ್ತ ತಂದೆ, ಗಂಡಿನವರ ಎದುರಿಗೆ ನನ್ನ ಮಗಳಿಗೆ ಕಾಮಾಲೆ ಇದೆಯೆಂದು ಅಧಿಕೃತವಾಗಿ ದೃಢಪಡಿಸಿದೆ.

ಯಾರೂ ಮಾತಾಡಲಿಲ್ಲ. ಮಾತಾಡುವುದೇನು, ಯಾರೂ ಅಲುಗಾಡಲೂ ಇಲ್ಲ. ಗಂಗಾ ಕಲ್ಲಾಗಿದ್ದಳು. ಶರಣಪ್ಪನವರು ನೆಲ ನೋಡುತ್ತಿದ್ದರು. ಶೈಲಾಳ ಕಣ್ಣು ನನ್ನ ಮೇಲೇ ಇತ್ತು. ಹಾಲಿನಲ್ಲಿ ಮನುಷ್ಯರು ಯಾರೂ ಉಳಿದಿಲ್ಲವೆಂದು ಸೆನ್ಸರ್ ತೀರ್ಮಾನಿಸಿತು. ದೀಪಗಳೆಲ್ಲ ಒಟ್ಟಿಗೆ ಆರಿದವು.

ಕತ್ತಲಲ್ಲಿ ನನಗೆ ಮೊದಲು ಅನ್ನಿಸಿದ್ದು ಸಮಾಧಾನ. ಶೈಲಾಳ ಮುಖ ಕಾಣುತ್ತಿರಲಿಲ್ಲ. ಆದರೆ ಅತಿಥಿಗಳನ್ನು ಕತ್ತಲಲ್ಲಿ ಕೂಡಿಸುವುದು ಸರಿಯಲ್ಲ. ಗಾಬರಿಯಾಗಬೇಡಿ, ಎಲ್ಲರೂ ಸ್ವಲ್ಪ ಕೈ ಆಡಿಸಿದರೆ ದೀಪ ಬರುತ್ತದೆ ಎಂದು ವಿನಂತಿಸಿಕೊಂಡೆ. ಶರಣಪ್ಪನವರು ಹೆಗಲ ಮೇಲಿನ ಶಲ್ಯ ತೆಗೆದು ಬೀಸಿದರು. ದೀಪ ಬಂತು. ಶಲ್ಯದ ಬೀಸಿಗೆ ಉಗ್ಗಾಣಿಯ ತಟ್ಟೆ ನೆಲಕ್ಕೆ ಹೋಗಿ ಮಂಡಕ್ಕಿ ಹಾಲಿನ ತುಂಬ ಹರಡಿತ್ತು. ಅದನ್ನು ನೋಡುತ್ತ ಮತ್ತೆ ಎಲ್ಲರೂ ಸುಮ್ಮನೆ ಕೂತರು. ದೀಪ ಮತ್ತೆ ಆರಿತು. ಈ ಸಲ ಶರಣಪ್ಪನವರು ಶಲ್ಯ ಬೀಸಲಿಲ್ಲ. ಎದ್ದು, ಬಾಗಿಲಿನ ಬೆಳಕು ಹಿಡಿದು ಹೊರಗೆ ನಡೆದರು. ವಿಚಾರ ಮಾಡಿ ಹೇಳಿ ಕಳಿಸುತ್ತೇವೆ ಎಂದು ನೀಲಮ್ಮನವರು ಗಂಗಾಳ ಕೈ ಹಿಡಿದು ಹೇಳಿದರಂತೆ. ಹೊರಗೆ ಅಷ್ಟರಲ್ಲಿ ಬೀದಿ ದೀಪದ ಮಂಕು ಬೆಳಕು ಬಿಟ್ಟರೆ ಪೂರ್ತಿ ಕತ್ತಲಾಗಿತ್ತು. ಶೈಲಾಳನ್ನು ಇನ್ನೊಮ್ಮೆ ಸರಿಯಾದ ಬೆಳಕಿನಲ್ಲಿ ನೋಡುವ ಅವಕಾಶ ಅವರಿಗೆ ಸಿಗಲಿಲ್ಲ.

ಆಟೊ ಹಿಡಿದು ಮನೆಗೆ ಬಂದೆವು. ಶೈಲಾ ಓಣಿಯ ಬಾಯಿಗೆ ಇಳಿದು, ಹಲಗೆಯ ಮೇಲೆ ಕಾಲಿಡುವ ಮುಂಚೆ ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಅಪ್ಪಾಜಿ, ನನಗಿಂತ ನಿಮಗ ಲೈಟು ಹೆಚ್ಚಾತಲ್ಲ,” ಎಂದಳು.

ಆ ರಾತ್ರಿ ಊಟಕ್ಕೆ ಕೂತಾಗ ಗಂಗಾ ನನ್ನ ಎದುರಿಗೆ ತಟ್ಟೆಯಿಟ್ಟಳು, ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು. ಎಲ್ಲವೂ ಎಂದಿನಂತೆಯೇ ಇತ್ತು. ಇನ್ನೊಂದು ಹಾಕಲೇನು ಎಂದು ಕೇಳಲಿಲ್ಲ, ಅಷ್ಟೆ. ಅಷ್ಟು ವರ್ಷದ ಸಂಸಾರದಲ್ಲಿ ಅವಳು ಅದನ್ನು ಕೇಳದೆ ಇದ್ದದ್ದು ನನಗೆ ನೆನಪಿಲ್ಲ.

ದಿನಗಳು ಕಳೆದವು. ಸಿರುಗುಪ್ಪದಿಂದ ಸುದ್ದಿ ಬರಲಿಲ್ಲ. ಶೈಲಾ ಎಂದಿನಂತೆ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು. ಊರಿನವರ ಕಾಮಾಲೆಯನ್ನೆಲ್ಲ ಪರೀಕ್ಷಿಸಿ, ಮನೆಗೆ ಬಂದು ಸುಮ್ಮನೆ ಕೂತುಬಿಡುತ್ತಿದ್ದಳು. ಕೆಡಿಸಿದವನು ನಾನು, ಸರಿಪಡಿಸಬೇಕಾದವನೂ ನಾನೇ ಎಂದು ತೀರ್ಮಾನಿಸಿದೆ. ಸುಮ್ಮನೆ ಹೋಗಿ ಲೈಟಿನ ತಪ್ಪು ಎಂದರೆ ಯಾರು ನಂಬುತ್ತಾರೆ? ಲೈಟಿನದು ಏನೂ ತಪ್ಪಿಲ್ಲವೆಂದು ಹೇಳಿದವನೂ ನಾನೇ ಅಲ್ಲವೇ. ಪ್ರಯೋಗ ಮಾಡಿಯೇ ತೋರಿಸಬೇಕು. ಹೋಟೆಲಿಗೆ ಹೋಗಿ ಗೂಡಿನೊಳಗಿನ ಒಂದು ದೀಪ ಬಿಚ್ಚಿ, ಚೀಲದಲ್ಲಿ ಹಾಕಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ.

ಶರಣಪ್ಪನವರ ಮನೆಯಲ್ಲಿ ನನ್ನನ್ನು ಬಹಳ ಮರ್ಯಾದೆಯಿಂದ ಕೂಡಿಸಿದರು. ಮಹಾಂತೇಶನೂ ಮನೆಯಲ್ಲಿದ್ದ. ನಾನು ವಿಷಯ ಹೇಳಿದೆ. ಮಗಳಿಗೆ ಏನೂ ಆಗಿಲ್ಲ, ದೋಷವೆಲ್ಲ ಈ ದೀಪದ್ದು, ಇದು ಯಾರ ಮೇಲೆ ಬಿದ್ದರೂ ಅವರು ರೋಗಿಯಂತೆ ಕಾಣುತ್ತಾರೆ, ನೀವೇ ನೋಡಿರಿ ಎಂದೆ. ಕಿಟಕಿ ಬಾಗಿಲು ಹಾಕಿಸಿದೆ. ಹೋಟೆಲಿನಲ್ಲಿ ಇದ್ದಂತೆಯೇ ಇರಬೇಕೆಂದು ದೀಪವನ್ನು ಕಪಾಟಿನ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟೆ. ನೀಲಮ್ಮನವರನ್ನು ಗೋಡೆಯ ಪಕ್ಕ ಕೂಡಿಸಿ ಸ್ವಿಚ್ಚು ಒತ್ತಿದೆ.

ಅವರ ಮನೆಯ ಗೋಡೆ ತಿಳಿ ಗುಲಾಬಿ ಬಣ್ಣದ್ದು.

ನೀಲಮ್ಮನವರ ಮುಖ ಹೊಳೆಯಿತು. ಕೆನ್ನೆಗೆ ರಂಗು ಬಂತು. ಕಣ್ಣಿನ ಸುತ್ತಲಿನ ಕಪ್ಪು ಮಾಯವಾಯಿತು. ಶರಣಪ್ಪನವರು ಹೆಂಡತಿಯನ್ನೇ ನೋಡುತ್ತ, ಮದುವೆಯಾದ ಹೊಸದರಲ್ಲಿ ಇವಳು ಹೀಗೇ ಇದ್ದಳು ನೋಡಿರಿ ಎಂದರು. ನೀಲಮ್ಮನವರು ನಾಚಿ ಸೆರಗು ಎಳೆದುಕೊಂಡರು. ಆಮೇಲೆ ಅವರ ಮುಖ ಗಂಭೀರವಾಯಿತು.

“ಅಣ್ಣಾರ, ಲೈಟು ಚಲೋನ ಐತಲ್ರಿ,” ಎಂದರು.

ನಾನು ದೀಪವನ್ನು ಹೊರಳಿಸಿದೆ. ಸರಿಸಿದೆ. ತಲೆಕೆಳಗಾಗಿ ಹಿಡಿದೆ. ಏನು ಮಾಡಿದರೂ ಆ ಮನೆಯಲ್ಲಿ ಯಾರೂ ರೋಗಿಯಂತೆ ಕಾಣಲು ಒಪ್ಪಲಿಲ್ಲ. ಎಲ್ಲರೂ ಇನ್ನಷ್ಟು ಆರೋಗ್ಯವಂತರಾಗುತ್ತ ಹೋದರು. ಹೀಗೆ ಮಗಳಿಗೆ ಕಾಮಾಲೆ ಇದೆಯೆಂದು ಬಳ್ಳಾರಿಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದ ನಾನು ಸಿರುಗುಪ್ಪಕ್ಕೆ ಹೋಗಿ ಅದನ್ನು ಪ್ರಯೋಗದ ಮೂಲಕ ಸಾಧಿಸಿದೆ.

ನೀಲಮ್ಮನವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರಿಗೊಬ್ಬ ತಮ್ಮನಿದ್ದನಂತೆ. ಮುಖ ಹಳದಿಯಾದಾಗ ಬಿಸಿಲಿಗೆ ಹಾಗಾಗಿದೆ, ದಣಿವಿಗೆ ಹಾಗಾಗಿದೆ ಎಂದು ಮನೆಯವರೆಲ್ಲ ತಳ್ಳಿಹಾಕಿದರಂತೆ. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಕೈಮೀರಿತ್ತು. ಅಂದಿನಿಂದ ಯಾರನ್ನು ಕಂಡರೂ ಮೊದಲು ಕಣ್ಣಿನ ಬಿಳಿ ನೋಡುವುದು ತಮಗೆ ರೂಢಿಯಾಗಿದೆ ಎಂದರು.

“ಸಂಬಂಧ ಆಮ್ಯಾಲ ಇರಲಿ ಅಣ್ಣಾರ. ಮೊದಲ ಹುಡುಗಿನ್ನ ದವಾಖಾನಿಗೆ ತೋರಸ್ರಿ. ಹೆತ್ತವರು ಇಲ್ಲ ಇಲ್ಲ ಅನ್ನಬಾರದ್ರಿ.”

ಒಳಗೆ ಹೋಗಿ ಹಿತ್ತಲಿನಿಂದ ಕಿತ್ತ ನೆಲನೆಲ್ಲಿ ಸೊಪ್ಪನ್ನು ಒಂದು ಕೈಚೀಲದ ತುಂಬ ತಂದು ಕೊಟ್ಟರು. ಅರೆದು ಮಜ್ಜಿಗೆಯಲ್ಲಿ ಕುಡಿಸಬೇಕಂತೆ. ತಮ್ಮನಿಗೆ ಕೊಡಲಾಗದ್ದನ್ನು ನನ್ನ ಮಗಳಿಗೆ ಕೊಡುತ್ತಿದ್ದ ಆ ತಾಯಿಗೆ ಬೇಡ ಎನ್ನಲು ನನ್ನಿಂದಾಗಲಿಲ್ಲ. ಚೀಲ ತೆಗೆದುಕೊಂಡೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈಯಲ್ಲಿ ಕಾಮಾಲೆ ಔಷಧಿ.

ಮಹಾಂತೇಶ ಬಸ್‌ಸ್ಟ್ಯಾಂಡಿನವರೆಗೆ ನನ್ನನ್ನು ಬಿಡಲು ಬಂದ. ದಾರಿಯುದ್ದಕ್ಕೂ ಏನೋ ಯೋಚಿಸುತ್ತಿದ್ದ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, ಹೋಟೆಲಿನ ಗೋಡೆಗೆ ಯಾವ ಬಣ್ಣ ಅಂದಿದ್ದಿರಿ ಎಂದು ಕೇಳಿದ. ಕಡು ಹಸಿರು ಎಂದೆ. ಅಂಥ ಹೊತ್ತಿನಲ್ಲೂ ನನ್ನ ದನಿಯಲ್ಲಿ ಸ್ವಲ್ಪ ಅಭಿಮಾನ ಇಣುಕಿತ್ತೆಂದು ಒಪ್ಪಿಕೊಳ್ಳಬೇಕು. ಅವನು ಹೂಂ ಎಂದು ತಲೆಯಾಡಿಸಿ ಹಿಂದೆ ಸರಿದ.

ತೆಕ್ಕಲಕೋಟೆ ದಾಟಿ ಬಳ್ಳಾರಿ ಸೇರುವವರೆಗೂ ನನಗೇನೂ ಹೊಳೆಯಲಿಲ್ಲ. ಮನೆಗೆ ಬಂದಾಗ ಗಂಗಾ ಚೀಲದಲ್ಲಿ ಏನು ಎಂದು ಕೇಳಿದಳು. ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಕುರ್ಚಿಯ ಮೇಲೆ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಹತ್ತಿರ ಹೋದೆ. ನಗುತ್ತಿದ್ದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಆಮೇಲೆ ನಿಜವಾಗಿಯೂ ಅತ್ತಳು.

ಎರಡು ದಿನದ ಮೇಲೆ ಶೈಲಾ ಆಸ್ಪತ್ರೆಯಿಂದ ಬಂದವಳೇ ನನ್ನನ್ನು ಎದುರಿಗೆ ಕೂಡಿಸಿಕೊಂಡು ಪಾಠ ಮಾಡಿದಳು. ಬೆಳಕು ಗೋಡೆಗೆ ಬಡಿದು ಮುಖಕ್ಕೆ ಬರುವಾಗ ಗೋಡೆಯ ಬಣ್ಣವನ್ನೂ ಹೊತ್ತು ತರುತ್ತದೆ. ಹಳದಿ ದೀಪ, ಹಸಿರು ಗೋಡೆ, ನಡುವೆ ಮನುಷ್ಯ. ಗುಲಾಬಿ ಗೋಡೆಯಾದರೆ ಅದೇ ದೀಪ ಕೆನ್ನೆಗೆ ರಂಗು ಹಚ್ಚುತ್ತದೆ. ಇಷ್ಟೆ. ನನಗೆ ಇದನ್ನು ವಿವರಿಸಿದ್ದು ನನ್ನ ಮಗಳು. ಅವಳಿಗೆ ಫೋನು ಮಾಡಿ ವಿವರಿಸಿದ್ದು ಮಹಾಂತೇಶ. ಹೈಸ್ಕೂಲಿನ ಮಕ್ಕಳಿಗೆ ತಿಳಿಯುವ ವಿಷಯವಂತೆ.

ಫೋನಿನಲ್ಲಿ ಅವರಿಬ್ಬರೂ ಬರೀ ಬೆಳಕಿನ ಬಗ್ಗೆಯೇ ಮಾತಾಡಿರಲಿಕ್ಕಿಲ್ಲ. ಇನ್ನೊಮ್ಮೆ ಎಲ್ಲರೂ ಸೇರುವುದೆಂದು ತಾವೇ ನಿರ್ಧರಿಸಿದ್ದರು. ಜಾಗ ಕುರುಗೋಡು, ಶೈಲಾಳ ಸೋದರಮಾವನ ಮನೆಯ ಅಂಗಳ. ಹೊತ್ತು ಬೆಳಗಿನದು, ಚೆನ್ನಾಗಿ ಬಿಸಿಲು ಬಿದ್ದ ಮೇಲೆ. ಯಾರ್‍ಯಾರು ಹೋಗಬೇಕೆಂಬುದೂ ತೀರ್ಮಾನವಾಗಿತ್ತು. ನಾನು ಇಸ್ತ್ರಿ ಮಾಡಿದ ಅಂಗಿ ಹುಡುಕುತ್ತಿದ್ದಾಗ ಗಂಗಾ ಬಹಳ ನಯವಾಗಿ, ನೀವು ಅಂಗಡಿ ನೋಡ್ಕೊಳ್ರಿ ಎಂದಳು.

ಹೀಗಾಗಿ ನನ್ನ ಮಗಳ ಮದುವೆ ನಿಶ್ಚಯವಾದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಗಂಗಾ ಬಂದು ಹೇಳಿದಳು. ನೀಲಮ್ಮನವರು ಶೈಲಾಳನ್ನು ಅಂಗಳದ ನಡುವೆ ನಿಲ್ಲಿಸಿ, ಗದ್ದ ಹಿಡಿದು ಸೂರ್ಯನ ಕಡೆ ತಿರುಗಿಸಿ, ಕೆಳಗಿನ ರೆಪ್ಪೆ ಎಳೆದು ನೋಡಿದರಂತೆ. ಎರಡೂ ಕಣ್ಣು. ಹಾಲಿನಂಗ ಬೆಳ್ಳಗ ಅದಾವು ಎಂದು ಹೇಳಿ ಅವಳನ್ನು ಅಪ್ಪಿಕೊಂಡರಂತೆ. ಆಗ ಶೈಲಾ ಎಲ್ಲರ ಎದುರಿಗೇ ಮಹಾಂತೇಶನ ಹತ್ತಿರ ಹೋಗಿ, ಅವನ ಕಣ್ಣಿನ ರೆಪ್ಪೆಯನ್ನೂ ಎಳೆದು ನೋಡಿ, ನಿಮ್ಮ ಮಗಾರೂ ಆರಾಮ ಅದಾರ್ರಿ ಎಂದಳಂತೆ. ಅಲ್ಲಿ ಎದ್ದ ನಗು ಓಣಿಗೆಲ್ಲ ಕೇಳಿಸಿತಂತೆ. ಆ ಹೊತ್ತಿನಲ್ಲಿ ನಾನು ಬಳ್ಳಾರಿಯಲ್ಲಿ ಯಾರಿಗೋ ಬಲ್ಬು ಉರಿಸಿ ತೋರಿಸುತ್ತಿದ್ದೆ.

ಖಾದರ್ ಸಾಹೇಬರಿಗೆ ವಿಷಯ ಮುಚ್ಚಿಡಲಿಲ್ಲ. ಹಸಿರು ಗೋಡೆಗೆ ಬಿಳಿ ಬಣ್ಣ ಹೊಡೆಸಿದೆ. ಪರದೆ ತೆಗೆಸಿದೆ. ಸೆನ್ಸರನ್ನು ಕಿತ್ತು ಗೋಡೆಗೆ ಸಾದಾ ಸ್ವಿಚ್ಚು ಹಾಕಿದೆ. ಎತ್ತರದ ಕಿಟಕಿಗಳಿಂದ ಹಗಲೆಲ್ಲ ಬಿಸಿಲು ಬೀಳತೊಡಗಿದ ಮೇಲೆ ಆ ಹಾಲು ಎಷ್ಟು ಚಂದವಿತ್ತೆಂದು ನನಗೂ ಕಂಡಿತು. ಸಾಹೇಬರ ಎದುರಿಗೆ ತಲೆ ತಗ್ಗಿಸಿ ನಿಂತೆ. ಅವರು ನನ್ನ ಬೆನ್ನು ತಟ್ಟಿದರು.

“ಹೋಗ್ಲಿ ಬಿಡು ಭದ್ರಣ್ಣ. ಮಗಳ ಮ್ಯಾಲ ಪರೀಕ್ಷಾ ಮಾಡಿದಿ, ನನ್ನ ಗಿರಾಕಿಗಳು ಉಳಕೊಂಡ್ರು,” ಎಂದರು.

ಮದುವೆ ಸಿರುಗುಪ್ಪದಲ್ಲಿ, ಹಗಲು ಹೊತ್ತಿನಲ್ಲಿ ನಡೆಯಿತು. ಮಂಟಪದ ದೀಪಾಲಂಕಾರವನ್ನು ಗಂಡಿನವರೇ ನೋಡಿಕೊಂಡರು. ನೀವು ಹೆಣ್ಣಿನ ತಂದೆ, ನಿಮಗ್ಯಾಕೆ ತ್ರಾಸು ಎಂದರು. ತಾಳಿ ಕಟ್ಟುವ ಹೊತ್ತಿಗೆ, ವಾದ್ಯ ಜೋರಾಗಿ ಬಾರಿಸುತ್ತಿರುವಾಗ, ಕರೆಂಟು ಹೋಯಿತು. ಫ್ಯಾನು ನಿಂತವು, ಸೀರಿಯಲ್ ಸೆಟ್ಟುಗಳು ಆರಿದವು. ಕರೆಂಟು ಇಡೀ ಓಣಿಯಲ್ಲೇ ಹೋಗಿತ್ತು. ಆದರೂ ನೀಲಮ್ಮನವರು, ಗಂಗಾ, ಖಾದರ್ ಸಾಹೇಬರು, ಹಸೆಮಣೆಯ ಮೇಲಿದ್ದ ಮದುಮಕ್ಕಳು, ಎಲ್ಲರೂ ಒಟ್ಟಿಗೆ ತಿರುಗಿ ನನ್ನನ್ನೇ ನೋಡಿದರು. ಶರಣಪ್ಪನವರು ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು.

“ಬೀಗರ, ನೀವೇನೂ ಮುಟ್ಟಿಲ್ಲಲ್ರಿ?”

ನಾನು ಮುಷ್ಟಿ ಬಿಚ್ಚಿ ಕೈಯಲ್ಲಿದ್ದ ಅಕ್ಷತೆ ತೋರಿಸಿದೆ. ಅವರು ಅಕ್ಷತೆ ನೋಡಿದರು, ನನ್ನ ಇನ್ನೊಂದು ಕೈಯನ್ನೂ ನೋಡಿದರು. ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.